ಹಸಿರು ಗೇಟಿನ ಮುಂದಿನ ಎಡೆ

ಜಿಲ್ಲಾ ಕೇಂದ್ರದ ಶಾಂತಿನಗರ ಬಡಾವಣೆಯ ಅಂಚಿನಲ್ಲಿದ್ದ ಗುಡಿಸಲುಗಳ ಪೈಕಿ, ಬಡಾವಣೆಗಿಂತ ಮುಂಚಿನಿಂದ ಇದ್ದವಕ್ಕೆ ಮಾತ್ರ ಹಕ್ಕುಪತ್ರ, ಮಿಕ್ಕವು ನೆಲಸಮ. ಗುಮಾಸ್ತ ಪುಟ್ಟಬಸಪ್ಪನಿಗೆ ಬೆಳಗಿನಿಂದ ಇದು ನಲವತ್ತನೆಯ ಅರ್ಜಿ. ಎದುರಿಗಿದ್ದವರ ಮುಖ ನೋಡುವುದನ್ನು ಅವನು ಆಗಲೇ ಬಿಟ್ಟಿದ್ದ.

"ದಾಖಲೆ ಏನಿದೆ ಅಜ್ಜಿ?"

"ಕಾಗ್ದ ಇಲ್ಲ ಕಣಪ್ಪ. ನಮ್ಮತ್ತೇನೇ ಸಾಕ್ಷಿ."

"ಕರ್ಕೊಂಡ್ ಬನ್ನಿ, ಹೇಳಿಕೆ ಬರ್ಕೋತೀನಿ."

"ಎಲ್ಲಿಂದ ಕರ್ಕೊಂಡ್ ಬರ್ಲಿ? ಮಣ್ಣು ಮಾಡಿ ಐವತ್ತು ವರ್ಷ ಆಯ್ತು. ಆಗ ಶಾಂತಿನಗರ ಎಲ್ಲ ನಮ್ ಕೇರಿಯವ್ರ ಸುಡುಗಾಡು. ಆಮೇಲೆ ನೀವು ಗೂಟ ಹೊಡ್ದು ಸೈಟ್ ಮಾಡಿದ್ರಿ."

"ಮಣ್ಣು ಮಾಡಿದ ಜಾಗಕ್ಕೆ ಗುರುತೇನು?"

"ಪ್ರತಿ ಪಿತೃಪಕ್ಷಕ್ಕೂ ಅಲ್ಲಿ ಎಡೆ ಇಡ್ತೀನಲ್ಲ, ಅದೇ ಗುರುತು. ಆರು ವರ್ಷದ ಹಿಂದೆ ಅಲ್ಲೊಂದು ಮನೆ ಎದ್ದದೆ. ಈಗ ಅದರ ಹಸಿರು ಗೇಟಿನ ಮುಂದೇನೇ ಎಲೆ ಇಟ್ಟು ಕೈ ಮುಗಿದು ಬತ್ತೀನಿ."

ಪುಟ್ಟಬಸಪ್ಪ ಮೊದಲ ಸಲ ತಲೆ ಎತ್ತಿದ.

"ಎಲೆ ಮೇಲೆ ಕುಂಕುಮ, ನಿಂಬೆಹಣ್ಣು?"

"ಹೂಂ ಮತ್ತೆ, ನಿಂಬೆಹುಳಿ ಹಿಂಡದೆ ಅತ್ತೆಗೆ ಅನ್ನ ಇಳೀತಿರ್ಲಿಲ್ಲ. ಅಲ್ಲಾ, ನಿಂಗೆಂಗೆ ಗೊತ್ತು?"

ತನ್ನ ಹಸಿರು ಗೇಟಿನ ಮುಂದೆ ಮಾಟ ಮಾಡಿಸುತ್ತಾನೆಂದು ಪಕ್ಕದ ಮನೆಯ ಸ್ವಂತ ತಮ್ಮನ ಜೊತೆ ಆರು ವರ್ಷದಿಂದ ಮಾತು ಬಿಟ್ಟಿದ್ದ ಪುಟ್ಟಬಸಪ್ಪ, ದಾಖಲೆಯ ಕಾಲಂನಲ್ಲಿ ಬರೆದ: "ಖುದ್ದು ನೋಡಿದ್ದೇನೆ."