ವಿಳಾಸವಿಲ್ಲದ ಸೊಸೆ

ಕನಸುಗಳು ಮನೆಯ ಡೊಮೇನಿನ ಇಮೇಲಿಗೇ ಬರುವ ಕಾಲವದು. ಇನ್‌ಬಾಕ್ಸ್ ಇಲ್ಲದವರಿಗೆ ಕನಸಿಲ್ಲ, ಕನಸಿಲ್ಲದವರಿಗೆ ನಿದ್ದೆ ಹತ್ತುವುದಿಲ್ಲ. ಹುಬ್ಬಳ್ಳಿಯ ಆ ಮನೆಯಲ್ಲಿ ಎಲ್ಲರ ಇನ್‌ಬಾಕ್ಸುಗಳನ್ನೂ ಇಟ್ಟಿರುವ ಹೋಸ್ಟಿಂಗ್ ಖಾತೆ ನೋಡಿಕೊಳ್ಳುವ ಕೆಲಸ ಸೊಸೆ ಶಿವಲೀಲಾಳ ಕೊರಳಿಗೆ ಬಿದ್ದಿತ್ತು. ನಾದಿನಿಯ ಕೂಸಿಗೆ ತೊಟ್ಟಿಲು ಕಟ್ಟುವ ಮೊದಲೇ ಅವಳು ವಿಳಾಸ ಮಾಡಿಕೊಟ್ಟಿದ್ದಳು.

ಈಗ ಖಾತೆಯಲ್ಲಿ ಜಾಗವೇ ಉಳಿದಿರಲಿಲ್ಲ. ಏನನ್ನಾದರೂ ಅಳಿಸಬೇಕಿತ್ತು. ಶಿವಲೀಲಾ ಕಂಪ್ಯೂಟರಿನ ಮುಂದೆ ಕೂತಳು, ಎದ್ದಳು, ಒಲೆಯ ಮೇಲಿನ ಹಾಲು ನೋಡಿ ಬಂದು ಮತ್ತೆ ಕೂತಳು.

“ಯಾಕವಾ, ಕುಂತಲ್ಲಿ ಕುಂದ್ರವಲ್ಲಿ?” ಎನ್ನುತ್ತ ಅತ್ತೆ ಗಂಗವ್ವ ಪಕ್ಕಕ್ಕೆ ಬಂದು, ಪರದೆಯ ಮೇಲಿನ ಹೆಸರುಗಳ ಮೇಲೆ ಬೆರಳಾಡಿಸಿದಳು. “ಎಲ್ಲಾರೂ ಅದಾರ. ನಿನ್ನ ಹೆಸರೆಲ್ಲೈತಿ?”

ಶಿವಲೀಲಾ ಮೇಲಿಂದ ಕೆಳಗೆ ಹುಡುಕಿದಳು. ಇರಲಿಲ್ಲ. ರಾತ್ರಿಯೆಲ್ಲ ಹೊರಳಾಡುವುದಕ್ಕೆ ಸೆಖೆಯೇ ಕಾರಣವೆಂದು ಅವಳು ಇಷ್ಟು ದಿನ ತಿಳಿದಿದ್ದಳು.

“ಈಗ ಮಾಡಾಕ ಜಾಗಿಲ್ರಿ, ಅತ್ತಿ.”

“ನನ್ನ ಕನಸೆಲ್ಲಾ ಅಳಸಿಬಿಡು.”

ಗಂಗವ್ವನ ಇನ್‌ಬಾಕ್ಸಿನ ತುಂಬ ತೀರಿಕೊಂಡ ಮಾವನೇ ಇದ್ದ: ಸಂತೆ ಮುಗಿಸಿ ಬಂದು ಚಹಾ ಕೇಳುವ ಮಾವ, ಹೊಸ ಚಪ್ಪಲಿ ಕಚ್ಚುತ್ತದೆಂದು ಬೈಯುವ ಮಾವ. ಶಿವಲೀಲಾಳ ಬೆರಳು ಮೌಸಿನ ಮೇಲೆ ಏಳುತ್ತ ಬೀಳುತ್ತ ಇತ್ತು.

“ಒಂದರ ಇಟ್ಕೋರಿ, ಅತ್ತಿ.”

“ಹಳೇವು ಇಟ್ಕೊಂಡು ಕುಂತ್ರ ಅವ್ರು ಮತ್ಯಾಕ ಬರ್ತಾರ? ಒತ್ತು.”

ಶಿವಲೀಲಾ ಒತ್ತಿದಳು. ತನ್ನ ವಿಳಾಸ ತೆರೆದದ್ದೇ ತಡ, ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದಳು. ಹಾಲು ಉಕ್ಕಿತು. ಗಂಗವ್ವ ಸದ್ದಾಗದಂತೆ ಹೋಗಿ ಇಳಿಸಿದಳು.