ಮೂರು ಸಲ ತೊಳೆದ ಕೈ

ಇದನ್ನು ಓದಿ ಸಿಟ್ಟು ಬಂದರೆ ನನಗೆ ಬೈಯಬೇಡಿ… ಬರೆಯುವಾಗ ನನಗೂ ಬಂದಿದೆ.

ದಾವಣಗೆರೆಯಲ್ಲಿ ಟೈಲ್ಸ್ ಶೋರೂಮ್ ಇಟ್ಟಿರುವ ತೇಜಮೂರ್ತಿ ಅವತ್ತು ಬೆಳಗ್ಗೆ ತನ್ನ ಸ್ಪೋರ್ಟ್ಸ್ ಬೈಕ್ ಹತ್ತಿ ಗೋವಾಕ್ಕೆ ಹೊರಟ. ಅಲ್ಲಿ ದೊಡ್ಡ ಬೈಕ್ ರ್‍ಯಾಲಿ… ಸಾವಿರಾರು ರೈಡರ್‌ಗಳು ಸೇರುವ ಜಾಗ.

ಆದರೆ ಈ ಸಲ ಅವನು ಮಜಾ ಮಾಡಲು ಹೊರಟವನಲ್ಲ.

ಜೊತೆಗೇ ರೈಡ್ ಮಾಡುತ್ತಿದ್ದ ಗೆಳೆಯ ಮಧುಕೇಶ ಕೆಲವು ತಿಂಗಳ ಹಿಂದೆ ಕಾಮಾಲೆಯಾಗಿ ತೀರಿಕೊಂಡಿದ್ದ. ಆ ವರ್ಷ ತೀರಿಕೊಂಡ ರೈಡರ್‌ಗಳ ಹೆಲ್ಮೆಟ್‌ಗಳನ್ನು ಮೊದಲ ಸಂಜೆ ಒಂದು ಉದ್ದ ಮೇಜಿನ ಮೇಲಿಟ್ಟು, ಒಬ್ಬೊಬ್ಬರದೇ ಹೆಸರು ಕೂಗುವುದು ಆ ರ್‍ಯಾಲಿಯ ಪದ್ಧತಿ.

ಮಧುಕೇಶನ ತಾಯಿ ಗಿರಿಜಮ್ಮ ಮಗನ ಹೆಲ್ಮೆಟ್‌ಗೆ ಕುಂಕುಮ ಹಚ್ಚಿ, ಸೇವಂತಿಗೆ ಹೂ ಮುಡಿಸಿ ಕೊಟ್ಟಿದ್ದರು.

"ನನ್ನ ಮಗನ್ನೇ ನಿನ್ನ ಕೈಗೆ ಕೊಟ್ಟಂಗೆ ಕಣಪ್ಪಾ ತೇಜು… ಜ್ವಾಪಾನ."

ಸಂಜೆ ಆರರೊಳಗೆ ಅದು ಆ ಮೇಜಿನ ಮೇಲಿರಬೇಕು. ಹೆಲ್ಮೆಟ್ಟನ್ನು ಬ್ಯಾಗಿನಲ್ಲಿಟ್ಟು, ಹಿಂದಿನ ಸೀಟಿಗೆ ಬೆಲ್ಟ್ ಬಿಗಿದು ಹೊರಟಿದ್ದ.

ದಾರಿಯುದ್ದಕ್ಕೂ ಈ ಮಹಾಶಯನಿಗೆ ಎಲ್ಲವೂ ಹೇಸಿಗೆ! ಚಹಾ ಲೋಟ ಜಿಡ್ಡು… ಬಸ್ಸಿನ ಕಿಟಕಿಯಿಂದ ಗುಟ್ಕಾ ಉಗುಳು… ಬೈಕ್ ನಿಲ್ಲಿಸಿದಲ್ಲೆಲ್ಲ ಜನ.

"ಎಷ್ಟು ಕೊಡ್ತೈತ್ರೀ ಮೈಲೇಜು?" ಅನ್ನುತ್ತಲೇ ಟ್ಯಾಂಕ್ ಸವರುವವರು. "ಒಂದ್ಸಲ ಸೌಂಡ್ ಮಾಡ್ರೀ ಅಣ್ಣಾ, ವಿಡಿಯೋ ತಗೋತೀವಿ…" ಅಂತ ಗಂಟುಬೀಳುವವರು. ಥೂ, ಸಾಕಾಗಿಹೋಗಿತ್ತು ಅವನಿಗೆ.

ಹೋಗಲಿ… ಅಷ್ಟು ದೂರ ಬಗ್ಗಿ ಕೂತು ಸೊಂಟ ಬಿದ್ದುಹೋಗಿರುತ್ತದೆ, ತಲೆ ಕೆಟ್ಟಿರುತ್ತದೆ, ಬಿಡೋಣ. ಆದರೆ ಮುಂದೆ ಮಾಡಿದ್ದನ್ನು ಬಿಡೋಕಾಗಲ್ಲ.

ಯಲ್ಲಾಪುರ ದಾಟಿ ಒಂದು ಪೆಟ್ರೋಲ್ ಬಂಕ್. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕುಡಿದ, ಬೆಲ್ಟನ್ನು ಅವಸರದಲ್ಲಿ ಸಿಕ್ಕಿಸಿದ. ಗಾಳಿಯ ಸದ್ದು ಕೇಳದಿರಲಿ ಅಂತ ಕಿವಿಗೆ ಇಯರ್ ಪ್ಲಗ್, ಮೇಲೆ ತನ್ನ ಹೆಲ್ಮೆಟ್.

ಪಕ್ಕದಲ್ಲೇ ಒಂದು ಹಳೇ ಬೈಕ್ ಬಂದು ನಿಂತಿತು. ಹಿಂದೆ ಮೀನಿನ ಬಾಕ್ಸ್. ಅಂಕೋಲೆಯಿಂದ ಮೀನು ತಂದು ಯಲ್ಲಾಪುರದಲ್ಲಿ ಮನೆಮನೆಗೆ ಮಾರುವ ಹಮ್ಮಣ್ಣನ ಗಾಡಿ ಅದು.

ನಾತಕ್ಕೆ ತೇಜಮೂರ್ತಿ ಹೆಲ್ಮೆಟ್ಟಿನೊಳಗೇ ಮೂಗು ಸಿಂಡರಿಸಿದ. ಅಷ್ಟರಲ್ಲಿ ಹಮ್ಮಣ್ಣ ಏನೋ ಹೇಳುತ್ತಾ ಅವನ ಬ್ಯಾಗಿನ ಕಡೆ ಕೈ ಚಾಚಿದ. ಮಾತು ಕೇಳಲಿಲ್ಲ… ಮೀನಿನ ಪೊರೆ ಅಂಟಿದ ಕೈ ಮಾತ್ರ ಕಾಣಿಸಿತು.

"ಏಯ್! ಮುಟ್ಬೇಡ! ಗಬ್ಬು ಕೈ ಇಟ್ಕೊಂಡು… ದೂರ ನಿಂತ್ಕೊಳಯ್ಯಾ!"

ಬಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಂದೆಯ ವಯಸ್ಸಿನ ಮನುಷ್ಯ ಕೈ ಹಿಂದಕ್ಕೆಳೆದುಕೊಂಡು ದೂರ ಸರಿದ. ತೇಜಮೂರ್ತಿ ಬುರ್ ಅಂತ ಹೊರಟೇಬಿಟ್ಟ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಕನ್ನಡಿಯಲ್ಲಿ ಅದೇ ಬೈಕ್… ಒಂದು ಕೈ ಎತ್ತಿ ಬೀಸುತ್ತಾ ಬೆನ್ನು ಹತ್ತಿತ್ತು.

'ಮೀನಿನ ಗಾಡಿಗೂ ನನ್ನ ಜೊತೆ ರೇಸ್ ಬೇಕಾ!' ಅಂದುಕೊಂಡು ಆಕ್ಸಿಲರೇಟರ್ ತಿರುವಿದ. ಕ್ಷಣದಲ್ಲಿ ಕನ್ನಡಿ ಖಾಲಿ.

ಅರಬೈಲ್ ಘಟ್ಟ ಇಳಿದು, ಒಂದು ಅಂಗಡಿಯ ಮುಂದೆ ನಿಂತು ಹಿಂದೆ ತಿರುಗಿದರೆ… ಸೀಟಿನ ಮೇಲೆ ಬ್ಯಾಗ್ ಇರಲಿಲ್ಲ.

ಗಿರಿಜಮ್ಮನಿಗೆ ಏನಂತ ಹೇಳಲಿ? ಬೈಕ್ ತಿರುಗಿಸಿ, ರಸ್ತೆಯ ಎರಡೂ ಬದಿ ನೋಡುತ್ತಾ ಮತ್ತೆ ಘಟ್ಟ ಹತ್ತಿದ.

ಒಂದು ತಿರುವಿನಲ್ಲಿ ಹಮ್ಮಣ್ಣ ಕೂತಿದ್ದ. ಮುಂದೆ ಹರಿದ ಬ್ಯಾಗ್. ತನ್ನ ಟವೆಲ್ ಹಾಸಿ, ಅದರ ಮೇಲೆ ಹೆಲ್ಮೆಟ್ ಇಟ್ಟಿದ್ದ. ಕುಂಕುಮ ಕೂಡ ಅಳಿಸಿರಲಿಲ್ಲ.

ಹಿಂದೆ ನಿಂತ ಬೈಕಿನ ಬಾಕ್ಸಿನಿಂದ ಐಸ್ ಕರಗಿ ನೀರು ಸುರಿಯುತ್ತಿತ್ತು. ಬಿಸಿಲಿಗೆ ಮೀನು ಕೆಟ್ಟಿತ್ತು. ತೇಜಮೂರ್ತಿ ತನ್ನ ಹೆಲ್ಮೆಟ್, ಇಯರ್ ಪ್ಲಗ್ ಕಿತ್ತು ಹತ್ತಿರ ಬಂದ.

"ಬಂದ್ರಿ ಅಲ್ಲ… ಸಾಕು. ಬೆಲ್ಟು ಕಳಚಿ ಚಕ್ರದ ಹತ್ರ ನೇತಾಡ್ತಿತ್ತು. ಚಕ್ರಕ್ಕೆ ಸಿಕ್ಕಿದ್ರೆ ನೀವು ಉಳೀತಿರ್ಲಿಲ್ಲ. ಅದ್ನೇ ಸಿಗಿಸುಕೆ ಬಂದಿದ್ದೆ."

ತೇಜಮೂರ್ತಿಯ ಕಣ್ಣು ಟವೆಲ್ ಮೇಲಿದ್ದ ಹೆಲ್ಮೆಟ್ಟಿನ ಕಡೆ ಹೋಯಿತು.

"ಹೂವು, ಕುಂಕುಮ ಇತ್ತು. ತೀರ್ಕೊಂಡವ್ರದ್ದು ಅಂತ್ಹೇಳಿ ಗೊತ್ತಾಯ್ತು," ಅಂದ ಹಮ್ಮಣ್ಣ. "ಮೀನ್ ಕೈ ಅಂದ್ರೆ ನಿಮ್ಗೆ ಹೇಸಿಗೆ ಅಲ್ಲ… ಅದ್ಕೆ ಅಲ್ಲಿ ಝರಿ ನೀರಲ್ಲಿ ಮೂರು ಸಲ ಕೈ ತೊಳ್ಕಂಡೆ. ಆಮೇಲೂ ಮುಟ್ಲಿಲ್ಲ, ತೇಗದ ಎಲೆ ಹಿಡ್ದು ಎತ್ತಿ ಇಟ್ಟೆ. ಬೇಜಾರ್ ಮಾಡ್ಕಣ್ಬೇಡಿ."

ಬೇಜಾರು ಮಾಡಿಕೊಳ್ಳಬೇಡಿ ಅಂತೆ! ಯಾರು ಯಾರಿಗೆ ಹೇಳಬೇಕಾದ ಮಾತು ಅದು?

ತೇಜಮೂರ್ತಿ ರಸ್ತೆಯ ಮಣ್ಣಿನಲ್ಲೇ ಕುಸಿದು ಕೂತು, ಆ ಎರಡೂ ಕೈಗಳನ್ನು ಹಿಡಿದುಕೊಂಡು ಅತ್ತುಬಿಟ್ಟ. ಜೀವನದಲ್ಲಿ ಮೊದಲ ಸಲ ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತ್ತು.

"ಏಳಿ, ಹೊತ್ತಾಯ್ತು…" ಅಂತ ಹಮ್ಮಣ್ಣನೇ ಅವನನ್ನು ಎಬ್ಬಿಸಿದ. ಹೆಲ್ಮೆಟ್ಟನ್ನು ಟವೆಲ್‌ನಲ್ಲಿ ಸುತ್ತಿ, ಸೀಟಿಗೆ ಹಗ್ಗದಿಂದ ಬಿಗಿದ. ನಷ್ಟಕ್ಕೆ ಏನಾದರೂ ತಗೊಳ್ಳಿ ಅಂದರೆ ಕೇಳಲೇ ಇಲ್ಲ.

ಆರಕ್ಕೆ ಸರಿಯಾಗಿ ಹೆಲ್ಮೆಟ್ ಮೇಜಿನ ಮೇಲಿತ್ತು. ಪಕ್ಕದಲ್ಲಿದ್ದ ಒಬ್ಬ ರೈಡರ್ ಮೂಗು ಸಿಂಡರಿಸಿ, "ಥೂ, ಎಲ್ಲಿಂದಪ್ಪಾ ಈ ಮೀನು ನಾತ!" ಅಂದ. ತೇಜಮೂರ್ತಿಗೆ ಅವನ ಮುಖ ನೋಡಲಾಗಲಿಲ್ಲ.

ಮಧುಕೇಶನ ಹೆಸರು ಕೂಗಿದ ಮೇಲೆ ಹೊರಗೆ ಬಂದು ಗಿರಿಜಮ್ಮನಿಗೆ ಫೋನ್ ಮಾಡಿದ. ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದ… ತಾನು ಬೈದದ್ದು, ಹಮ್ಮಣ್ಣ ಮೂರು ಸಲ ಕೈ ತೊಳೆದದ್ದು…

ಎಲ್ಲ ಕೇಳಿಸಿಕೊಂಡ ಗಿರಿಜಮ್ಮ ಮೆತ್ತಗೆ ಅಂದರು…

"ತೊಳ್ಕೋಬೇಕಾಗಿದ್ದು ಅವರಾ, ತೇಜು?"

ಹತ್ತಿರ ಬಂದ ಕೈಗೆ ಹೇಸುವ ಮೊದಲು, ಅದು ಯಾಕೆ ಬಂತು ಅಂತ ಒಮ್ಮೆ ಕೇಳಿ.

ಇವತ್ತು ನೀವು "ದೂರ ನಿಲ್ಲು" ಅಂದವರು… ನಿಮಗೆ ಏನು ಹೇಳಲು ಬಂದಿದ್ದರು?