ಖಾಲಿ ಬಿಟ್ಟು ಹೋದ ತೊಟ್ಟಿ

ಖಾಲಿ ಬಿಟ್ಟು ಹೋಗಿದ್ದ ತೊಟ್ಟಿ ಅಂಚಿನವರೆಗೆ ತುಂಬಿ ನಿಂತಿತ್ತು.

ಗೇಟಿನವನು ಹೆಗಲ ಮೇಲಿನ ಕುಡುಗೋಲನ್ನು ಕೆಳಗಿಳಿಸಿ ನೀರನ್ನೇ ದಿಟ್ಟಿಸಿದ. ಎರಡು ಗಂಟೆಗೆ, ಮೇಲಿನ ತಿರುವಿನಲ್ಲಿ ಜೊಂಡು ಕೀಳಲು ಹೊರಟಾಗ, ತಳದ ಪಾಚಿ ಕಾಣುತ್ತಿತ್ತು. ಈಗ ನಾಲ್ಕು. ಕಾಲುವೆ ಇಲ್ಲಿ ಒಂದಾಳೆತ್ತರ ಇಳಿಯುತ್ತದೆ. ದೋಣಿಗಳನ್ನು ಏರಿಸಿ ಇಳಿಸಲು ಎರಡು ಗೇಟುಗಳ ನಡುವೆ ಈ ಕಲ್ಲಿನ ತೊಟ್ಟಿ. ಹಿಡಿಕೆ ತಿರುಗಿಸಿ ನೀರು ತುಂಬಿಸಿದರೆ ದೋಣಿ ಮೇಲೆ, ಹೊರಗೆ ಬಿಟ್ಟರೆ ಕೆಳಗೆ. ಯಾರೂ ತಿರುಗಿಸದೆ ನೀರು ತಾನಾಗಿ ಬಂದು ಕೂರುವುದಿಲ್ಲ.

"ಯಾರಾದ್ರೂ ಬಂದಿದ್ರಾ?" ಎಂದು ಗೇಟಿನ ಪಕ್ಕದ ಮನೆಗೆ ಹೋಗಿ ಕೇಳಿದ.

"ಯಾರು ಬರ್ತಾರೆ ಈ ಸುಡುಬಿಸಿಲಲ್ಲಿ," ಎಂದಳು ಹೆಂಡತಿ, ಬಟ್ಟೆ ಮಡಿಸುತ್ತಾ. ತಲೆ ಎತ್ತಲಿಲ್ಲ. ಮೊಣಕೈ ಹತ್ತಿರ ಕಪ್ಪು ಗ್ರೀಸಿನ ಗೆರೆಯಿತ್ತು.

ಮರಳಿ ತೊಟ್ಟಿಯ ಬಳಿ ಹೋಗಿ ಬಗ್ಗಿ ನೋಡಿದ. ಕಲ್ಲಿಗೆ ಹಸಿರು ಬಣ್ಣ ಉಜ್ಜಿಕೊಂಡಿತ್ತು. ಆ ಕಾಲುವೆಯಲ್ಲಿ ಹಸಿರು ದೋಣಿ ಇದ್ದದ್ದು ಒಂದೇ.

ಕ್ಯಾಪ್ಟನ್‌ನದು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ ಕ್ಯಾಪ್ಟನ್. ರಜೆಗೆ ಬಂದವರನ್ನು ಕೂರಿಸಿಕೊಂಡು ಸುತ್ತಾಡಿಸುವುದು ಅವನ ಕಸುಬು. ಸೇತುವೆ ಬಂದಾಗಲೆಲ್ಲ "ತಲೆ ಜೋಪಾನ, ಟಿಕೆಟ್ಟಿನಲ್ಲಿ ಹೊಸ ತಲೆ ಸೇರಿಲ್ಲ" ಎಂದು ಅದೇ ಹಳೇ ಜೋಕು ಹೊಡೆಯುತ್ತಿದ್ದ. ಅವನಿಗೆ ಚುಕ್ಕಾಣಿ ಹಿಡಿಯಲು ಕಲಿಸಿದವನು ಗೇಟಿನವನೇ. ತನ್ನ ಹೆಂಡತಿ ತೀರಿಕೊಂಡ ಮೇಲೆ ಆರು ತಿಂಗಳು ಇದೇ ಅಡುಗೆಮನೆಯಲ್ಲಿ ಉಂಡವನು ಅವನು.

ಉಂಡ ಮನೆ. ಗೇಟಿನವನಿಗೆ ಬಾಯಿ ಕಹಿಯಾಯಿತು.

ಮೊದಲೇ ತಲೆ ಮೇಲೆ ಬೆಟ್ಟ ಹೊತ್ತಿದ್ದ. ಮೂರು ತಿಂಗಳ ಹಿಂದೆ ಕಾಲುವೆ ಕಚೇರಿಯಿಂದ ಎರಡು ಹಾಳೆಯ ನೋಟಿಸು ಬಂದಿತ್ತು. ಗೇಟಿಗೆ ಸೀಲು ಹಾಕಿದ ಡಬ್ಬಿಯೊಂದನ್ನು ಕೂರಿಸುತ್ತೇವೆ, ಗೇಟು ತೆರೆದಾಗಲೆಲ್ಲ ಅದು ಒಳಗೇ ಎಣಿಸಿಕೊಳ್ಳುತ್ತದೆ. ಮೂರು ತಿಂಗಳಲ್ಲಿ ಮುನ್ನೂರು ಸಲ ತೆರೆಯದ ಗೇಟನ್ನು ಮುಚ್ಚಲಾಗುವುದು. ಗೇಟು ಹೋದರೆ ಕೆಲಸ ಹೋಯಿತು, ಕೆಲಸದ ಬೆನ್ನಿಗೇ ಕಚೇರಿ ಕೊಟ್ಟ ಮನೆ. ಅಷ್ಟಕ್ಕೇ ಓದುವುದನ್ನು ನಿಲ್ಲಿಸಿದ. ಮೊದಲ ಹಾಳೆಯನ್ನು ಹೆಂಡತಿಯ ಕಣ್ಣಿಗೆ ಬೀಳದಂತೆ ಹಾಸಿಗೆಯಡಿ ತೂರಿಸಿದ. ಎರಡನೆಯದರಲ್ಲಿ ಕೈಯ ಗ್ರೀಸ್ ಒರೆಸಿ ಎಸೆದ. ಅಂದಿನಿಂದ ಬೆಳಗಾಗುವ ಮೊದಲೇ ಎದ್ದು, "ಒಂದು ಸುತ್ತು ಹೋಗಿ ಬರ್ತೀನಿ" ಎಂದು ಹೊರಡುತ್ತಿದ್ದ. ಬರುವಾಗ ಅಂಗಿ ಬೆವರಿಗೆ ಬೆನ್ನಿಗಂಟಿರುತ್ತಿತ್ತು.

ಈ ಮನೆ ಉಳಿಸಿಕೊಳ್ಳಲು ತಾನು ಒದ್ದಾಡುತ್ತಿದ್ದರೆ, ಮನೆಯೊಳಗೆ ನಡೆಯುತ್ತಿದ್ದದ್ದು ಇದು.

ಮರುದಿನ ಎರಡಕ್ಕೆ ಎಂದಿನಂತೆ ಹೊರಟ. ತಿರುವು ದಾಟಿ, ದಡದ ಹಿಂದಿನಿಂದ ಬಗ್ಗಿಕೊಂಡು ವಾಪಸು ಬಂದು ಜೊಂಡಿನೊಳಗೆ ಕುಳಿತ. ಇಪ್ಪತ್ತು ನಿಮಿಷಕ್ಕೆ ಹಸಿರು ದೋಣಿ ಬಂತು. ಒಳಗೆ ಒಬ್ಬ ಪ್ರಯಾಣಿಕನೂ ಇರಲಿಲ್ಲ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಡಕ್ಕೆ ಬಂದಳು.

ಕ್ಯಾಪ್ಟನ್ ಅವಳ ಅಂಗೈಯನ್ನು ತನ್ನ ಕೈಗೆ ತೆಗೆದುಕೊಂಡ.

"ಅವನಿಗೆ ಗೊತ್ತಾದ್ರೆ ನನ್ನ ಮುಖ ನೋಡ್ತಾನಾ ಅತ್ತಿಗೆ?"

"ಗೊತ್ತಾಗೋದು ಬೇಡ. ಇವತ್ತೊಂದು ದಿನ. ನಾಳೆ ಎಲ್ಲ ಇತ್ಯರ್ಥ ಆಗತ್ತಲ್ಲ."

ಗೇಟಿನವನು ಜೊಂಡು ಸೀಳಿಕೊಂಡು ಎದ್ದು ನಿಂತ. ಕಾಲಿಗೆ ಕೆಸರು, ಕೂದಲಲ್ಲಿ ಹುಲ್ಲು.

"ಎಷ್ಟು ದಿನದಿಂದ?"

"ಮೂರು ತಿಂಗಳು," ಎಂದಳು ಹೆಂಡತಿ. ಸುಳ್ಳು ಹೇಳಲು ಪುರುಸೊತ್ತಿರಲಿಲ್ಲ.

"ನನ್ನ ಮನೆ ಬಾಗಿಲಲ್ಲೇ?"

"ಇನ್ನೆಲ್ಲಿ ಮಾಡೋಕಾಗತ್ತೆ? ಗೇಟು ಇರೋದೇ ಇಲ್ಲಿ."

ಅವಳು ಅಂಗೈ ಬಿಡಿಸಿ ತೋರಿಸಿದಳು. ಸಾಲಾಗಿ ಬೊಬ್ಬೆಗಳು, ಒಂದೆರಡು ಒಡೆದಿದ್ದವು.

"ಹಾಸಿಗೆ ಕೊಡವಿದಾಗ ಆ ಹಾಳೆ ಸಿಕ್ತು. ನೀವು ಒಬ್ಬರೇ ನುಂಗಿಕೊಂಡು ಕೂತಿದ್ರಿ. ಅದಕ್ಕೇ ಇವರು ಖಾಲಿ ದೋಣೀನ ಮೇಲಕ್ಕೂ ಕೆಳಕ್ಕೂ ಓಡಾಡಿಸ್ತಾರೆ, ನಾನು ಗೇಟು ತಿರುಗಿಸ್ತೀನಿ. ದಿನಕ್ಕೆ ಐದಾರು ಸಲ. ದಿನಾ ತೊಟ್ಟಿ ಖಾಲಿ ಮಾಡಿ ಇಡ್ತಿದ್ದೆ, ನಿನ್ನೆ ಮರೆತೆ. ನಿಮಗೆ ಹೇಳಿದ್ರೆ ಖಂಡಿತಾ ಬೇಡ ಅಂತಿದ್ರಿ. ಹರಿಶ್ಚಂದ್ರನ ತುಂಡು ನೀವು."

ಕ್ಯಾಪ್ಟನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೈಯೋದಿದ್ರೆ ಬೇಗ ಬೈದುಬಿಡಪ್ಪ. ಇವತ್ತಿನ ಲೆಕ್ಕ ಇನ್ನೂ ಬಾಕಿ."

ಹರಿಶ್ಚಂದ್ರನ ತುಂಡು ತನ್ನ ಅಂಗೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿತು. ಅಲ್ಲೂ ಅದೇ ಬೊಬ್ಬೆಗಳು. ದಿನಾ ನಸುಕಿನಲ್ಲಿ, ಒಂದು ದೋಣಿಯೂ ಇಲ್ಲದೆ, ಅವನೂ ಐದು ಸಲ ಆ ಗೇಟನ್ನು ತೆರೆದು ಮುಚ್ಚುತ್ತಿದ್ದ. ಹೇಳಬೇಕೆನಿಸಿತು, ನಾಚಿಕೆಯಾಯಿತು. "ಇಬ್ಬರೂ ಪಕ್ಕಕ್ಕೆ ಸರೀರಿ," ಎಂದು ಹಿಡಿಕೆಯನ್ನು ತಾನೇ ಹಿಡಿದ. ಅವತ್ತು ಮೂವರೂ ಸೇರಿ ಹತ್ತು ಸಲ ತೆರೆದರು. ಹೆಚ್ಚಾದರೆ ಹಾಳಾಗುವುದಾದರೂ ಏನು?

ಮರುದಿನ ಕಚೇರಿಯ ಅಧಿಕಾರಿಣಿ ಸೈಕಲ್ಲಿನಲ್ಲಿ ಬಂದಳು. ಸೀಲು ಒಡೆದು ಡಬ್ಬಿಯೊಳಗೆ ಇಣುಕಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಇಣುಕಿದಳು.

"ಸಾವಿರದ ಹನ್ನೆರಡು. ಇಷ್ಟನ್ನೂ ನೀವೊಬ್ಬರೇ ಕೈಯಲ್ಲಿ ತಿರುಗಿಸಿದ್ರಾ?"

ಹೆಂಡತಿ ಕಾಲ್ಬೆರಳು ನೋಡಿಕೊಂಡಳು. ಕ್ಯಾಪ್ಟನ್ ಆಕಾಶ ನೋಡಿದ.

"ಒಬ್ಬನೇ," ಎಂದ ಗೇಟಿನವನು ಎದೆಯುಬ್ಬಿಸಿ. "ಯಾರ ಸಹಾಯವೂ ಇಲ್ಲ."

"ಪಾಪ, ಇನ್ನು ಆ ಕಷ್ಟ ಇಲ್ಲ ಬಿಡಿ," ಎಂದಳು ಅವಳು, ಕನಿಕರದಿಂದ ಬರೆದುಕೊಳ್ಳುತ್ತಾ. "ಎರಡನೇ ಹಾಳೇಲಿ ಹೇಳಿದ್ವಲ್ಲ, ಸಾವಿರ ದಾಟಿದ ಗೇಟಿಗೆ ಆಳು ಬೇಡ, ಮೋಟಾರು ಅಂತ, ಅದನ್ನ ಕೂರಿಸೋಕೆ ಈ ತಿಂಗಳೊಳಗೆ ಮನೆ ಖಾಲಿ ಮಾಡಿಕೊಡಿ."